ನೈವೇದ್ಯಕ್ಕೆ ಮುಂಚಿನ ತುತ್ತು

ನನ್ನ ಜೊತೆ ಕಾರ್ಖಾನೆಯಲ್ಲಿ ಕೆಲಸ ಮಾಡಿದವರೊಬ್ಬರ ವೈಕುಂಠ ಸಮಾರಾಧನೆಯ ದಿನ, ಎಲೆ ಹಾಕುವ ಮುಂಚೆ, ಅವರ ಮೈದುನ ಎದ್ದು ನಿಂತು ನಾಲ್ಕು ಮಾತಾಡಿದರು. "ನಮ್ಮ ಅತ್ತಿಗೆ ಸಾಕ್ಷಾತ್ ಅನ್ನಪೂರ್ಣೆ. ಮನೆಯವರೆಲ್ಲರ ಊಟ ಆಗುವ ತನಕ ಒಂದು ಅಗುಳು ಬಾಯಿಗೆ ಹಾಕಿದವರಲ್ಲ. ಆ ಅಡುಗೆಮನೆಯೇ ಅವರಿಗೆ ದೇವರಮನೆ ಆಗಿತ್ತು" ಎಂದರು. ಕೂತಿದ್ದವರು ತಲೆದೂಗಿದರು. ಯಾರೋ ಹಿರಿಯಾಕೆ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ನನಗೆ ಮೈ ಉರಿದುಹೋಯಿತು. ಎದ್ದು ಸುಳ್ಳು ಅನ್ನಬೇಕೆನಿಸಿತು. ಸಾವಿನ ಮನೆ, ಮೇಲಾಗಿ ನಾನು ಹೊರಗಿನವಳು. ಸುಮ್ಮನೆ ಕೂತೆ. ಆದರೆ ಆ ಸಿಟ್ಟು ಇನ್ನೂ ಇಳಿದಿಲ್ಲ. ಆ ಹೆಂಗಸು ಮನೆಯವರೆಲ್ಲರಿಗಿಂತ ಮುಂಚೆ ತಿನ್ನುತ್ತಿದ್ದರು. ದೇವರಿಗಿಂತಲೂ ಮುಂಚೆ ತಿನ್ನುತ್ತಿದ್ದರು. ಅದೂ ಕಾರ್ಖಾನೆಯ ಬಸ್ಸಿನಲ್ಲಿ, ಎಲ್ಲರ ಕಣ್ಣೆದುರಿಗೆ. ಆ ಅಡುಗೆಮನೆಯಿಂದ ಒಂದು ದಿನ ಹೊರಗೆ ಬಂದವರು ಸಾಯುವ ತನಕ ಮತ್ತೆ ಅದರೊಳಗೆ ಸೌಟು ಹಿಡಿಯಲಿಲ್ಲ. ಮೈದುನರಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಹಾಗೆ ಮಾತಾಡಿದರು. ಬದುಕಿದ್ದಾಗ ಬಗ್ಗದವರನ್ನು ಸತ್ತ ಮೇಲೆ ಬಗ್ಗಿಸುವುದು ಸುಲಭ.

ತೊಂಬತ್ತರ ದಶಕದ ನಡುವೆ ನಾನು ಯಾದಗಿರಿ ಕಡೆಯ ಹಳ್ಳಿಯಿಂದ ಬೆಂಗಳೂರಿಗೆ ಬಂದೆ. ಅಣ್ಣ ಗಾರೆ ಕೆಲಸ ಮಾಡುತ್ತಿದ್ದ. ಮರ್ಫಿ ಟೌನ್‌ನಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ, ಅದರಲ್ಲಿ ಅಣ್ಣ, ಅತ್ತಿಗೆ, ಅವರ ಎರಡು ಮಕ್ಕಳು, ನಾನು. ಟೈಪಿಂಗ್ ಕಲಿತಿದ್ದೆನಾದ್ದರಿಂದ ದೊಡ್ಡನೆಕ್ಕುಂದಿಯ ಒಂದು ಖಾಸಗಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಸ್ಟಾಫ್ ಬಸ್ಸು ಶಿವಾಜಿನಗರದಿಂದ ಹೊರಟು ಹಲಸೂರು, ಇಂದಿರಾನಗರದ ಮೇಲೆ ಹಾದು ಹಳೇ ಮದ್ರಾಸ್ ರಸ್ತೆ ಹಿಡಿಯುತ್ತಿತ್ತು. ನಾನು ಹಲಸೂರಿನಲ್ಲಿ ಹತ್ತುತ್ತಿದ್ದೆ, ಮೈದುನರು ಹೊಗಳಿದ ಆ ಹೆಂಗಸು ಇಂದಿರಾನಗರದಲ್ಲಿ.

ಮೊದಲ ದಿನ ನನ್ನ ಪಕ್ಕದ ಸೀಟು ಖಾಲಿಯಿತ್ತು. ಎತ್ತರದ, ಸಣಕಲು ಹೆಂಗಸು ಬಂದು ಕೂತರು. ಗಂಜಿ ಹಾಕಿದ ಕಾಟನ್ ಸೀರೆ. ಒದ್ದೆ ಕೂದಲಿನ ತುದಿಗೆ ಗಂಟು. ಬೆರಳುಗಳಿಂದ ಇಂಗಿನ ವಾಸನೆ. ಹುಬ್ಬು ಗಂಟಿಕ್ಕಿಕೊಂಡೇ ಹುಟ್ಟಿದ ಹಾಗಿತ್ತು. ಮಡಿಲಿನ ಮೇಲೆ ಪುಟ್ಟ ಟವೆಲ್ ಹಾಸಿ, ಸ್ಟೀಲ್ ಡಬ್ಬಿ ಇಟ್ಟು, ಮುಚ್ಚಳದ ಮೇಲೆ ಕೈಯಿಟ್ಟುಕೊಂಡು ನನ್ನ ಕಡೆ ತಿರುಗಿದರು.

"ತಿನ್ನಲಾ? ನಿನಗೇನೂ ತೊಂದ್ರೆ ಇಲ್ವಲ್ಲ?"

ನಮ್ಮ ಊರಲ್ಲಿ ಬುತ್ತಿ ಬಿಚ್ಚಿದವರು ಪಕ್ಕದವರನ್ನು ಊಟಕ್ಕೆ ಕರೆಯುತ್ತಾರೆ. ಅನುಮತಿ ಕೇಳಿದವರನ್ನು ನಾನು ನೋಡಿದ್ದು ಅದೇ ಮೊದಲು. "ತಿನ್ರಿ ಅಕ್ಕಾರ, ನನಗ್ಯಾಕ್ ತೊಂದ್ರಿ" ಎಂದೆ.

"ಅಕ್ಕಾರ ಅಂತೆ! ಯಾವೂರೇ ನಿಂದು?" ಎಂದು ನಕ್ಕರು. ನಗುವುದು ಮುಗಿದ ಕೂಡಲೇ ಹುಬ್ಬು ಮತ್ತೆ ತನ್ನ ಜಾಗಕ್ಕೆ ಬಂತು. ಅಂದಿನಿಂದ ನಾನು ಅವರನ್ನು ಅಕ್ಕಾರ ಎಂದೇ ಕರೆದೆ. ಅಕೌಂಟ್ಸ್ ವಿಭಾಗದಲ್ಲಿ ಅವರನ್ನು ಕಂಡರೆ ಮೇಲಿನವರೂ ಸ್ವಲ್ಪ ಹೆದರುತ್ತಿದ್ದರು. ಟೆಲಿಫೋನ್ ಎತ್ತಿದರೆ ಆ ಕಡೆಯವನು ಏನೋ ತಪ್ಪು ಮಾಡಿಯೇ ಇರುತ್ತಾನೆ ಎನ್ನುವ ಹಾಗೆ ಮಾತು ಶುರುಮಾಡುತ್ತಿದ್ದರು.

ಬಸ್ಸಿನಲ್ಲಿ ತಿನ್ನುವುದಕ್ಕೆ ಅವರದೇ ಕಟ್ಟಳೆಗಳಿದ್ದವು. ಸಾರು, ಸಾಂಬಾರಿನಂಥ ಸುರಿಯುವ ಪದಾರ್ಥ ತರುತ್ತಿರಲಿಲ್ಲ. ಬಾಯಲ್ಲಿ ತುತ್ತಿದ್ದಾಗ ಡ್ರೈವರ್ ಮಾತಾಡಿಸಿದರೂ ಉತ್ತರ ಇಲ್ಲ. ಕೈ ತೊಳೆದ ನೀರನ್ನು ಕಿಟಕಿಯಿಂದ ಚೆಲ್ಲುತ್ತಿರಲಿಲ್ಲ, ಕೆಳಗೆ ಸ್ಕೂಟರಿನವರು ಹೋಗುತ್ತಿರುತ್ತಾರೆಂದು ಒದ್ದೆ ಟವೆಲಿನಲ್ಲೇ ಒರೆಸಿಕೊಳ್ಳುತ್ತಿದ್ದರು. ಎಷ್ಟೇ ಉಳಿದಿದ್ದರೂ ಟಿನ್ ಫ್ಯಾಕ್ಟರಿ ಸ್ಟಾಪ್ ಬರುವಷ್ಟರಲ್ಲಿ ಡಬ್ಬಿ ಮುಚ್ಚಲೇಬೇಕು. ಅಲ್ಲಿ ಬಸ್ಸು ಟ್ರಾಫಿಕ್ಕಿನಲ್ಲಿ ತುಂಬ ಹೊತ್ತು ನಿಲ್ಲುತ್ತಿತ್ತು, ಸ್ಟಾಪಿನಲ್ಲಿ ನಿಂತ ಜನ ಕಿಟಕಿಯ ಮಟ್ಟಕ್ಕೇ ಇರುತ್ತಿದ್ದರು. "ನಿಂತವರ ಕಣ್ಣು ನೋಡ್ಕೊಂಡು ತಿನ್ನೋಕ್ಕಾಗುತ್ತೇನೇ? ನಾಚಿಕೆ ಆಗಲ್ವಾ?" ಎನ್ನುತ್ತಿದ್ದರು.

ಹಿಂದಿನ ಸೀಟಿನ ಫೋರ್‌ಮನ್ ಒಬ್ಬ ಬಾಳೆಹಣ್ಣು ತಿಂದು ಸಿಪ್ಪೆಯನ್ನು ಹಲಸೂರು ಮಾರ್ಕೆಟ್ಟಿನ ಹತ್ತಿರ ಕಿಟಕಿಯಿಂದ ಎಸೆಯುತ್ತಾನೆ ಎಂದು ನಾನೇ ಬಾಯಿತಪ್ಪಿ ಅಂದೆ. ಮರುದಿನ ಅವರು ಹತ್ತಿದವರೇ ನೇರ ಅವನ ಮುಂದೆ ಹೋಗಿ ನಿಂತರು. "ಕೆಳಗೆ ಹೂವು ಮಾರೋರು ಕೂತಿರ್ತಾರೆ. ಅವರ ತಲೆ ಏನು ನಿಮ್ಮ ಡಸ್ಟ್‌ಬಿನ್ನಾ?" ಅವನು ಏನೋ ಹೇಳಲು ಹೋದ. "ಬಾಯಿ ಮುಚ್ಚಿ! ಮೊದ್ಲು ಬಾಯಲ್ಲಿರೋದು ನುಂಗಿ, ಆಮೇಲೆ ಮಾತಾಡಿ" ಎಂದು ಬಂದು ಕೂತರು. ಇಡೀ ಬಸ್ಸು ನಕ್ಕಿತು. ಅವರು ನಗಲಿಲ್ಲ.

ನನ್ನನ್ನೂ ಬಿಟ್ಟವರಲ್ಲ. ಒಂದು ದಿನ ಮೂಗು ಹಿಡಿದುಕೊಂಡು, "ಏನೇ ಅದು ನಿನ್ನ ಚೀಲದಲ್ಲಿ? ಸತ್ತ ಇಲಿ ಇಟ್ಟಿದೀಯಾ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದರು. ನನಗೆ ಅಳು ಬಂತು.

"ಶೇಂಗಾ ಹಿಂಡಿ ಅದರಿ. ಬಳ್ಳೊಳ್ಳಿ ಹಾಕಿ ಕುಟ್ಟ್ಯಾಳ ನಮ್ಮ ವೈನಿ, ಅಣ್ಣನ ಹೇಂತಿ. ನಿಮ್ಮ ಮನ್ಯಾಗ ತಿನ್ನಲ್ಲಂದ್ರ ಇಲಿ ಅಂತೀರೇನ್ರಿ?"

ಅವರು ಮೂಗಿನಿಂದ ಕೈ ತೆಗೆದರು. ಆಮೇಲೆ, "ತೆಗಿ, ನೋಡೋಣ" ಎಂದು ಕೈ ಚಾಚಿದರು. ಜೋಳದ ರೊಟ್ಟಿಯ ಚೂರಿಗೆ ಹಿಂಡಿ ಹಚ್ಚಿ ಬಾಯಿಗಿಟ್ಟುಕೊಂಡರು. ಕಣ್ಣಲ್ಲಿ ನೀರು ಬಂತು, ಖಾರಕ್ಕೆ. ಇನ್ನೊಂದು ಚೂರು ಮುರಿದುಕೊಂಡರು. "ಇಲಿ ಅಂದಿದ್ದು ತಪ್ಪಾಯ್ತು" ಎಂದರು. ಅದನ್ನೂ ಎಲ್ಲರಿಗೂ ಕೇಳುವಂತೆಯೇ ಹೇಳಿದರು. ಆಮೇಲೆ ದಿನವೂ ನನ್ನ ಡಬ್ಬಿಯಿಂದ ಅರ್ಧ ರೊಟ್ಟಿ ಅವರಿಗೆ, ಅವರ ಉಪ್ಪಿಟ್ಟೋ ಅವಲಕ್ಕಿಯೋ ಅರ್ಧ ನನಗೆ. ತಿಂದಾದ ಮೇಲೆ ಏಲಕ್ಕಿ ಜಗಿಯುತ್ತಿದ್ದರು.

ಮನೆಯಲ್ಲೇ ತಿಂದು ಬರಬಹುದಲ್ಲ ಎಂದು ಕೇಳಿದ್ದಕ್ಕೆ ಒಂದು ಬೆಳಗ್ಗೆ ಅವರು ಉತ್ತರ ಕೊಟ್ಟರು. ಕತ್ತಲಿರುವಾಗಲೇ ಎದ್ದು, ಮಿಂದು, ಒದ್ದೆ ತಲೆಯಲ್ಲಿ ತಿಂಡಿ, ಅಡುಗೆ ಎರಡೂ ಮುಗಿಸುತ್ತಾರೆ. ಮಾವನವರ ಪೂಜೆ ಆಗಬೇಕು, ದೇವರಿಗೆ ನೈವೇದ್ಯ ಆಗಬೇಕು, ಆಮೇಲೆ ಮಾವ, ಆಮೇಲೆ ಗಂಡ, ಮಕ್ಕಳು, ಕೊನೆಗೆ ಇವರು. ಬಸ್ಸು ಬರುವ ಹೊತ್ತಿಗೆ ಪೂಜೆ ಅರ್ಧವೂ ಆಗಿರುವುದಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಮಧ್ಯಾಹ್ನದ ತನಕ ಖಾಲಿ ಹೊಟ್ಟೆಯಲ್ಲೇ ಕೆಲಸ ಮಾಡುತ್ತಿದ್ದರು. ದೊಡ್ಡ ಮಗ ಹೊಟ್ಟೆಯಲ್ಲಿದ್ದಾಗ ಆಫೀಸಿನ ಮೆಟ್ಟಿಲ ಮೇಲೆ ತಲೆ ಸುತ್ತಿ ಬಿದ್ದರು. ಮರುದಿನದಿಂದ ಬಾಣಲೆಯಿಂದ ನೇರ ಡಬ್ಬಿಗೆ ತುಂಬಿಕೊಂಡು ಬರತೊಡಗಿದರು.

"ಮನ್ಯಾಗ ಗೊತ್ತಿಲ್ಲೇನ್ರಿ?"

"ಯಾರು ಕೇಳಿದ್ರು?" ಎಂದು ನನ್ನ ಮೇಲೇ ರೇಗಿದರು. "ಬೆಳಗ್ಗೆ ನೀನೇನು ತಿಂದೆ ಅಂತ ಇಷ್ಟು ವರ್ಷದಲ್ಲಿ ಒಬ್ಬರಾದ್ರೂ ಕೇಳಿದ್ರೆ ತಾನೇ ಗೊತ್ತಾಗೋದು! ಅಡುಗೆ ಮಾಡೋಳು ಅಲ್ಲೇ ಏನೋ ತಿಂದ್ಕೋತಾಳೆ ಅಂತಲೂ ಅಂದ್ಕೊಂಡಿಲ್ಲ. ಏನೂ ಅಂದ್ಕೊಂಡೇ ಇಲ್ಲ. ನನಗೆ ನಿಂತ್ಕೊಂಡು ಕದ್ದು ತಿನ್ನೋಕೆ ಬರಲ್ಲ ಕಣೇ. ಕೂತ್ಕೊಂಡು ತಿನ್ಬೇಕು. ಕೂರೋಕೆ ಜಾಗ ಸಿಗೋದು ಈ ಬಸ್ಸಲ್ಲೇ."

ಬಸ್ಸಿಗೊಂದು ಕಮಿಟಿಯಿತ್ತು. ಅದರ ಯಜಮಾನಿಕೆ ಸ್ಟೋರ್ಸ್ ಅಧಿಕಾರಿಯೊಬ್ಬರದು. ಅಕ್ಕಾರ ಇದ್ದ ಕಾಲೊನಿಯಲ್ಲೇ ಅವರ ಮನೆ. ಬಸ್ಸನ್ನು ಶುಚಿಯಾಗಿ ಇಡಿಸುತ್ತಿದ್ದರು, ಅದು ನಿಜ. ಆದರೆ ನಾನು ಸೇರಿ ಕೆಲವು ತಿಂಗಳಿಗೆ ಡ್ರೈವರ್ ಹಿಂದೆ ಒಂದು ಬೋರ್ಡ್ ಬಂತು: 'ಬಸ್ಸಿನೊಳಗೆ ತಿಂಡಿ ತಿನ್ನಬಾರದು.' ಬೋರ್ಡ್ ಹಾಕಿಸಿದವರು ದಿನವೂ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು ಸೊರ್ ಎಂದು ಕುಡಿಯುತ್ತಿದ್ದರು. ಕಾಫಿ ತಿಂಡಿಯಲ್ಲವಂತೆ.

ಅಕ್ಕಾರ ಬೋರ್ಡ್ ಓದಿದರು, ಕೂತರು, ಟವೆಲ್ ಹಾಸಿದರು, ಡಬ್ಬಿ ಬಿಚ್ಚಿದರು. ಆತ ಎದ್ದು ಬಂದರು.

"ಮೇಡಂ, ಇದು ಬಸ್ಸು. ಊಟದ ಮನೆ ಅಲ್ಲ."

ಅಕ್ಕಾರ ತುತ್ತು ನುಂಗಿ ಆದ ಮೇಲೆ ಹೇಳಿದರು: "ಊಟದ ಮನೇಲಿ ನನಗೆ ಜಾಗ ಇಲ್ಲ ಸಾರ್. ಅದಕ್ಕೇ ಬಸ್ಸಲ್ಲಿ ತಿಂತೀನಿ."

"ವಾಸನೆ ಬರುತ್ತೆ ಅಂತ ಕಂಪ್ಲೇಂಟ್ ಇದೆ."

"ಉಪ್ಪಿಟ್ಟಿಗೆ ಏನ್ ಸಾರ್ ವಾಸನೆ? ನಿಮ್ಮನೇಲಿ ಮಾಡಲ್ವಾ?"

ಆತ ದನಿ ತಗ್ಗಿಸಿದರು. "ನಿಮ್ಮ ವಿಷಯ ಅಲ್ಲ ಮೇಡಂ. ಈ ಹುಡುಗಿ ತರ್ತಾಳಲ್ಲ, ಆ ಬೆಳ್ಳುಳ್ಳಿ, ಈರುಳ್ಳಿ... ಇಂಥವರೆಲ್ಲ ಸ್ಟಾಫ್ ಬಸ್ಸಿಗೆ ಬರೋ ಹಾಗಾಯ್ತು. ನೀವು ಒಳ್ಳೇ ಮನೆತನದವರು, ನೀವೂ ಅದನ್ನ ಮುಟ್ಟೋದಾ?"

ನಾನು ತಲೆ ತಗ್ಗಿಸಿ ಚೀಲವನ್ನು ಸೀಟಿನ ಕೆಳಗೆ ತಳ್ಳಿದೆ. ಅಕ್ಕಾರ ಬಗ್ಗಿ ಅದನ್ನು ಎಳೆದರು. ನನ್ನ ಡಬ್ಬಿ ತೆಗೆದು ತಮ್ಮ ಮಡಿಲಿನ ಮೇಲಿಟ್ಟುಕೊಂಡು, "ವಾಸನೆ ಬೋರ್ಡಲ್ಲಿಲ್ಲ ಸಾರ್. ಬೋರ್ಡಲ್ಲಿ ತಿಂಡಿ ಅಂತಿದೆ. ವಾಸನೆ ಅಂತ ಬರೆಸಿ. ಯಾರ ವಾಸನೆ ಅಂತಾನೂ ಬರೆಸಿ. ಆಮೇಲೆ ಬನ್ನಿ" ಎಂದು, ರೊಟ್ಟಿಯನ್ನು ಮುರಿದರು. ಆತ ತಮ್ಮ ಸೀಟಿಗೆ ಹೋದರು. ಅವತ್ತು ಫ್ಲಾಸ್ಕ್ ತೆಗೆಯಲಿಲ್ಲ.

ಅಲ್ಲಿಗೆ ಮುಗಿಯಿತೆಂದುಕೊಂಡೆ. ಆ ಮನುಷ್ಯ ಮಾಡಿದ್ದೇನೆಂದರೆ, ಮುಂದಿನ ಭಾನುವಾರ ಬೆಳಗಿನ ವಾಕಿಂಗಿನಲ್ಲಿ ಅಕ್ಕಾರ ಮಾವನವರನ್ನು ಹಿಡಿದು, ಬಸ್ಸಿನಲ್ಲಿ ನೋಡಿದ್ದು, ಕೇಳಿಸಿಕೊಂಡದ್ದು ಎಲ್ಲವನ್ನೂ ಹೇಳಿದರು. ನಿಮ್ಮ ಸೊಸೆ ನೈವೇದ್ಯಕ್ಕೆ ಮುಂಚೆ ತಿಂಡಿ ತೆಗೆದುಕೊಂಡು ಬರುತ್ತಾರೆ, ದೇವರಿಗೆ ನೀವು ಇಡುವುದು ಅವರು ತೆಗೆದುಕೊಂಡು ಉಳಿದದ್ದು, ಬಸ್ಸಿನಲ್ಲಿ ಕೂಲಿಯವರ ಮನೆಯ ಹುಡುಗಿಯ ಡಬ್ಬಿಯಿಂದ ಬೆಳ್ಳುಳ್ಳಿ ತಿನ್ನುತ್ತಾರೆ. ಇದೆಲ್ಲ ನಿಮ್ಮ ಒಳ್ಳೆಯದಕ್ಕೇ ಹೇಳಿದ್ದು ಎಂದರಂತೆ. ನನಗೆ ಇವತ್ತಿಗೂ ಅರ್ಥವಾಗದ್ದು ಇದು. ಬಸ್ಸಿನಲ್ಲಿ ತಿನ್ನುವುದು ಸಭ್ಯತೆ ಅಲ್ಲ ಎನ್ನುವವರಿಗೆ, ಒಂದು ಹೆಂಗಸಿನ ಹೊಟ್ಟೆಯ ವಿಷಯವನ್ನು ರಸ್ತೆಯಲ್ಲಿ ನಿಂತು ಚಾಡಿ ಹೇಳುವುದು ಯಾವ ಸಭ್ಯತೆ?

ಸೋಮವಾರ ಅಕ್ಕಾರ ಡಬ್ಬಿಯಿಲ್ಲದೆ ಬಂದರು. ನಾನು ಏನೂ ಕೇಳುವ ಮುಂಚೆ, "ನನ್ನನ್ನ ಅಡುಗೆಮನೆಯಿಂದ ಹೊರಗೆ ಹಾಕಿದಾರೆ ಕಣೇ" ಎಂದರು. ಇಷ್ಟು ವರ್ಷ ದೇವರಿಗೆ ಎಂಜಲು ಇಡಿಸಿದ್ದಾಳೆ, ಪ್ರಾಯಶ್ಚಿತ್ತ ಆಗುವ ತನಕ ಅಡುಗೆಮನೆ ಹೊಸ್ತಿಲು ದಾಟಕೂಡದು ಎಂದು ಮಾವನವರು ತೀರ್ಪು ಕೊಟ್ಟಿದ್ದರು. ಗಂಡ ಪೇಪರಿನಿಂದ ತಲೆ ಎತ್ತಿರಲಿಲ್ಲ. ನಾನು ಅಳತೊಡಗಿದೆ. ನನ್ನ ರೊಟ್ಟಿಯಿಂದಲೇ ಇಷ್ಟೆಲ್ಲ ಆಯಿತು ಅಂದೆ.

"ಥೂ, ಅಳಬೇಡ. ಕಣ್ಣೊರೆಸ್ಕೋ" ಎಂದು ಗದರಿದರು. "ದಾಟಬೇಡ ಅಂದ್ರಲ್ಲ, ದಾಟಲ್ಲ. ಅಷ್ಟೇ."

ಆ ಮಾತಿನ ಬಲ ಆ ಮನೆಯವರಿಗೆ ತಿಳಿಯಲು ವಾರ ಹಿಡಿಯಿತು. ಮಾವನವರು ಹಾಲು, ಬಾಳೆಹಣ್ಣಿನಲ್ಲಿ ದಿನ ಕಳೆದರು. ಗಂಡ ಅನ್ನ ಸೀಯಿಸಿದರು. ಅಕ್ಕಾರ ಮಾತ್ರ ಎಂದಿಗಿಂತ ತಡವಾಗಿ ಎದ್ದು, ಕೂದಲು ಒಣಗಿಸಿಕೊಂಡು, ಬಸ್‌ಸ್ಟಾಪ್ ಪಕ್ಕದ ದರ್ಶಿನಿ ಹೋಟೆಲಿನಿಂದ ಇಡ್ಲಿ ಕಟ್ಟಿಸಿಕೊಂಡು ಬಸ್ಸು ಹತ್ತುತ್ತಿದ್ದರು. ಹತ್ತಿದ ಕೂಡಲೇ ಸ್ಟೋರ್ಸ್ ಅಧಿಕಾರಿಯ ಮುಂದೆ ಪೊಟ್ಟಣ ಹಿಡಿದು, "ತಗೊಳ್ಳಿ ಸಾರ್, ನಿಮ್ಮ ದಯೆ. ಬೆಳ್ಳುಳ್ಳಿ ಇಲ್ಲ, ಹೆದರಬೇಡಿ" ಎಂದು ಬಸ್ಸಿಗೆಲ್ಲ ಕೇಳುವಂತೆ ಹೇಳುತ್ತಿದ್ದರು. ದಿನವೂ. ಒಂದು ದಿನವೂ ತಪ್ಪಿಸಲಿಲ್ಲ. ಕೊನೆಗೆ ಆತ ಸ್ಕೂಟರಿನಲ್ಲಿ ಬರತೊಡಗಿದರು. ಬೋರ್ಡ್ ಅಲ್ಲೇ ಇತ್ತು. ಅದರ ಕೆಳಗೆ ಆಮೇಲೆ ಬಹಳ ಜನ ತಿಂದರು.

ಮಾವನವರು ಸೋತು, ಶಾಸ್ತ್ರಿಗಳನ್ನು ಕರೆಸಿ, ಪಂಚಗವ್ಯ ತೆಗೆದುಕೊಂಡರೆ ಸಾಕು, ಒಳಗೆ ಬರಬಹುದು ಎಂದು ಹೇಳಿಸಿದರು. ಅಕ್ಕಾರ ಒಪ್ಪಲಿಲ್ಲ. "ನಾನು ಹಸಿದಿದ್ದೆ, ತಿಂದೆ. ಅದಕ್ಕೆ ಶುದ್ಧಿ ಏನು? ಯಾರೂ ಕೇಳಲಿಲ್ಲವಲ್ಲ, ಅದಕ್ಕೆ ಏನಾದ್ರೂ ಶುದ್ಧಿ ಇದ್ರೆ ನೀವೆಲ್ಲ ಮಾಡಿಸ್ಕೊಳ್ಳಿ" ಎಂದು ಮಾವನವರ ಮುಖಕ್ಕೆ ಹೇಳಿದರಂತೆ. ಮನೆಗೆ ಅಡುಗೆಯವರು ಬಂದರು. ಅಕ್ಕಾರ ಹಿಂದಿನ ವರಾಂಡದಲ್ಲಿ ಒಂದು ಒಲೆ ಇಟ್ಟುಕೊಂಡರು. ಕೆಲವು ವರ್ಷಗಳ ಮೇಲೆ ಮಾವನವರು ತೀರಿಕೊಂಡ ನಂತರವೂ ಆ ಒಲೆ ವರಾಂಡದಲ್ಲೇ ಉಳಿಯಿತು.

ಇದನ್ನೆಲ್ಲ ಗೆಲುವು ಎಂದು ಹೇಳಿ ಮುಗಿಸಿದರೆ ನಾನೂ ಮೈದುನರ ಹಾಗೆ ಸುಳ್ಳು ಹೇಳಿದಂತೆ. ಕಾಲೇಜಿಗೆ ಹೋಗುತ್ತಿದ್ದ ದೊಡ್ಡ ಮಗ ತಾತನ ಪಕ್ಷ ಹಿಡಿದ. ತಿಂಗಳುಗಟ್ಟಲೆ ತಾಯಿಯ ಜೊತೆ ಮಾತು ಬಿಟ್ಟ. "ಅಮ್ಮಾ, ನಿನಗೆ ಒಂದು ಮಾತು ಅಡ್ಜಸ್ಟ್ ಮಾಡ್ಕೊಳ್ಳೋಕೆ ಆಗಲ್ವಾ?" ಎಂದಿದ್ದನಂತೆ. ಅದನ್ನು ನನಗೆ ಹೇಳಿದ ದಿನ ಅಕ್ಕಾರ ಇಡ್ಲಿ ಪೊಟ್ಟಣ ಬಿಚ್ಚಲೇ ಇಲ್ಲ. "ಇವನು ಹೊಟ್ಟೇಲಿದ್ದಾಗ ಬಿದ್ದೆ ಅಂದೆನಲ್ಲ, ಅದನ್ನ ಅವನಿಗೆ ಹೇಳಿಲ್ಲ. ಹೇಳೋದೂ ಇಲ್ಲ. ಹೇಳಿಸ್ಕೊಂಡು ಬರೋ ಪ್ರೀತಿ ನನಗೆ ಬೇಡ" ಎಂದು ಕಿಟಕಿಯಾಚೆ ನೋಡುತ್ತ ಕೂತರು. ಟಿನ್ ಫ್ಯಾಕ್ಟರಿ ಬಂದು ಹೋಯಿತು. ಮುಂದೆ ಮಗ ಮಾತಾಡಿದ. ಆದರೆ ಅವನ ಜೊತೆ ಮಾತಾಡುವಾಗ ಅವರಿಗೆ ಸಿಟ್ಟು ಬರುವುದು ನಿಂತುಹೋಗಿತ್ತು. ಅವರನ್ನು ಬಲ್ಲವರಿಗೆ ಅದು ಒಳ್ಳೆಯ ಲಕ್ಷಣವಲ್ಲ ಎಂದು ಗೊತ್ತು.

ಎರಡು ಸಾವಿರದ ಇಸವಿಯ ನಂತರ ನನ್ನ ತಂಗಿಯ ಮದುವೆಗೆ ಅವರು ನಮ್ಮೂರಿಗೆ ಬಂದರು. ಮದುವೆಯಲ್ಲೂ ಸುಮ್ಮನಿರಲಿಲ್ಲ. ಸಂಜೆಯಾದರೂ ನನ್ನ ಅವ್ವ ಉಂಡಿಲ್ಲ ಎಂದು ಗೊತ್ತಾಗಿ, ಬಡಿಸುತ್ತಿದ್ದ ಅವಳ ಕೈಯಿಂದ ಬುಟ್ಟಿ ಕಸಿದು ನನ್ನ ಅಣ್ಣನ ಕೈಗೆ ಕೊಟ್ಟು, "ನಿಮ್ಮಮ್ಮ ತಿಂದ್ರಾ ಅಂತ ಕೇಳಿದೀಯೇನೋ?" ಎಂದು ಬೈದರು. ಅಣ್ಣ ಬೆಪ್ಪಾಗಿ ನಿಂತ. ನಮ್ಮ ಮನೆಯೂ ಬೇರೆಯೇನಿರಲಿಲ್ಲ. ಪೂಜೆ, ಮಡಿ ಇರಲಿಲ್ಲ, ಅಷ್ಟೇ. ಕೊನೆಗೆ ಉಣ್ಣುವವಳು ಅಲ್ಲೂ ಅವ್ವನೇ.

ವಾಪಸು ಬರುವಾಗ, ಬೆಳಿಗ್ಗೆ ರೈಲು ಹಿಂದೂಪುರ ದಾಟಿದ ಮೇಲೆ ಅಕ್ಕಾರ ಡಬ್ಬಿ ಬಿಚ್ಚಿದರು. ಅವ್ವ ಕಟ್ಟಿಕೊಟ್ಟ ಹೋಳಿಗೆ, ರೊಟ್ಟಿ, ಬದನೆಕಾಯಿ ಪಲ್ಯ. ಎದುರಿಗೆ ನಮ್ಮ ಕಡೆಯ ವಯಸ್ಸಾದ ಗಂಡಹೆಂಡತಿ ಕೂತಿದ್ದರು. ಅಜ್ಜಿಯ ಕಣ್ಣು ಡಬ್ಬಿಯ ಮೇಲೆ ಬಿದ್ದು ಚಟ್ಟನೆ ಬೇರೆ ಕಡೆ ಹೋಯಿತು. ಅಕ್ಕಾರ ಒಂದು ರೊಟ್ಟಿಯ ಮೇಲೆ ಪಲ್ಯ ಹಾಕಿ ಚಾಚಿದರು. "ತಗೊಳ್ಳಿ ಅಮ್ಮ."

"ಬ್ಯಾಡ ತಾಯಿ. ಇವ್ರದು ಜಳಕ ಆಗಿಲ್ಲ. ಜಳಕ ಆಗದೆ ಇವ್ರು ಏನೂ ತಿನ್ನಂಗಿಲ್ಲ."

"ಅವರು ತಿನ್ನೋದು ಬೇಡ. ನಿಮಗೆ ಕೊಟ್ಟಿದ್ದು."

"ಇವ್ರದು ಆಗ್ಲಾರದ ನಾ ಹ್ಯಾಂಗ್ ತಿನ್ಲಿ ತಾಯಿ" ಎಂದು ಅಜ್ಜಿ ನಕ್ಕಳು. ಅಜ್ಜ ಕಿಟಕಿಯಾಚೆ ನೋಡುತ್ತಿದ್ದ. ತನಗೆ ಸಂಬಂಧಿಸಿದ ಮಾತೇ ಅಲ್ಲವೆಂಬಂತೆ.

ಅಕ್ಕಾರ ಅಜ್ಜನಿಗೆ ಬೈಯುತ್ತಾರೆಂದು ನಾನು ಕಾದೆ. ಅವರು ಬೈದದ್ದು ಅಜ್ಜಿಗೆ. "ನಿಮ್ಮಂಥವರಿಂದಲೇ ಇದೆಲ್ಲ ಆಗಿದ್ದು! ನೀವು ಹೀಗೆ ಕಾಯ್ತಾ ಕೂತ್ರಿ, ಅದನ್ನೇ ನೋಡಿ ನಮಗೂ ಕಾಯಿ ಅಂದ್ರು. ಹೊಟ್ಟೆ ನಿಮ್ಮದೋ ಅವರದೋ?" ದನಿ ಏರಿತು. ಅಜ್ಜಿ ಹೆದರಿ ಸೆರಗು ಎಳೆದುಕೊಂಡಳು. "ಹೋಗ್ಲಿ ಬಿಡ್ರಿ ಅಕ್ಕಾರ" ಎಂದು ನಾನು ಅವರ ತೋಳು ಹಿಡಿದೆ. ಅವರು ರೊಟ್ಟಿಯನ್ನು ಡಬ್ಬಿಗೆ ಹಾಕಿ, ಮುಚ್ಚಳ ತೆರೆದೇ ಸೀಟಿನ ಮೇಲಿಟ್ಟು, ಮುಖ ತಿರುಗಿಸಿದರು. ತಾವೂ ತಿನ್ನಲಿಲ್ಲ. ಗೌರಿಬಿದನೂರು ಹೋಯಿತು, ದೊಡ್ಡಬಳ್ಳಾಪುರ ಹೋಯಿತು.

ಯಲಹಂಕ ಬಂತು. ಅವರಿಬ್ಬರೂ ಇಳಿಯುವವರು. ಅಜ್ಜ ಗಂಟು ಎತ್ತಿಕೊಂಡು ಬಾಗಿಲ ಕಡೆ ಹೋದ. ಹಿಂದೆ ಹೊರಟ ಅಜ್ಜಿ ನಮ್ಮ ಸೀಟಿನ ಹತ್ತಿರ ನಿಂತಳು. ಗಂಡನ ಬೆನ್ನು ನೋಡಿದಳು, ಡಬ್ಬಿಗೆ ಕೈ ಹಾಕಿದಳು, ಒಂದು ಹೋಳಿಗೆಯನ್ನು ಮಡಚಿ ಇಡಿಯಾಗಿ ಬಾಯಿಗೆ ತುರುಕಿಕೊಂಡಳು. ಕೆನ್ನೆ ಉಬ್ಬಿತ್ತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಓಡುವ ಹಾಗೆ ಹೋದಳು.

ಅಕ್ಕಾರ ಎದ್ದು ನೀರಿನ ಬಾಟಲಿ ಹಿಡಿದುಕೊಂಡು ಕಿಟಕಿಗೆ ಹೋದರು. ಪ್ಲಾಟ್‌ಫಾರ್ಮಿನ ಮೇಲೆ ಗಂಡನ ಹಿಂದೆ ಹೋಗುತ್ತಿದ್ದ ಅಜ್ಜಿಯ ಕಡೆ ಕಂಬಿಯ ಸಂದಿಯಿಂದ ಬಾಟಲಿ ಚಾಚಿ ಕೂಗಿದರು: "ಅಮ್ಮಾ, ನಿಧಾನ! ನಿಂತ್ಕೊಳ್ಳಿ, ಅಗಿದು ತಿನ್ನಿ. ಅವರು ಕಾಯ್ತಾರೆ. ಕಾಯ್ಲಿ ಬಿಡಿ!"